ಅಣವೀರಪ್ಪನ ಕನಸಿಗೆ ಬಾರದ ಇಂದ್ರಾಬಾಯಿ

ಸತ್ತವರು ಕನಸಿನಲ್ಲಿ ಬಂದು ಸೀರೆ ಕೇಳುತ್ತಾರೆ, ಹೋಳಿಗೆ ಕೇಳುತ್ತಾರೆ ಎಂಬುದನ್ನೆಲ್ಲ ನಾನು ನಂಬುವವಳಲ್ಲ. ಮೊದಲೇ ಹೇಳಿಬಿಡುತ್ತೇನೆ. ಭಾಂಡುಪ್‌ನ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಹರಿಣಿ ಟೀಚರ್ ನಾನು, ಊರು ಉಡುಪಿಯ ಕಡೆ. ಗುಡ್ಡದ ಮೇಲಿನ ನಮ್ಮ ಚಾಳಿನಲ್ಲಿ ಹೆಚ್ಚಿನವರು ಕಲಬುರ್ಗಿ ಜಿಲ್ಲೆಯವರು. ಅವರಿಗೆ ಕನಸೆಂದರೆ ಊರಿಂದ ಬಂದ ಫೋನಿನಷ್ಟೇ ನಿಜ. ಅವರ ನಡುವೆ ಇಷ್ಟು ಕಾಲ ಇದ್ದು ಬಾಯಿ ಮುಚ್ಚಿಕೊಂಡಿರಲು ಸ್ವಲ್ಪ ಕಲಿತಿದ್ದೇನೆ, ಪೂರ್ತಿ ಕಲಿತಿಲ್ಲ.

ಅಣವೀರಪ್ಪ ನನ್ನ ಪಕ್ಕದ ಖೋಲಿಯವನು. ಚಿತ್ತಾಪುರದ ಕಡೆಯ ಹಳ್ಳಿಯಿಂದ ಹರೆಯದಲ್ಲೇ ಮುಂಬಯಿಗೆ ಬಂದವನು. ಕೆಲಸ ಲಾದಿ ಕೂಡಿಸುವುದು. ಇಲ್ಲಿ ನೆಲಕ್ಕೆ ಹಾಕುವ ಕಲ್ಲಿಗೂ ಟೈಲ್ಸಿಗೂ ಲಾದಿ ಎಂದೇ ಹೆಸರು. ಮುಲುಂಡಿನಿಂದ ಪವಾಯಿಯ ತನಕ ಎದ್ದ ಎಷ್ಟೋ ಟವರುಗಳ ನೆಲ ಅವನ ಕೈಯದು. ಅವನು ಕೂಡಿಸಿದ ನೆಲದ ಮೇಲೆ ಪಾಲಿಶ್ ಮಶೀನು ಓಡಿಸುವವನು ಇಮಾಮಸಾಬ. ಅಫಜಲಪುರದವನು, ಎದುರಿನ ಖೋಲಿ. ಇಬ್ಬರೂ ಒಂದೇ ಕಂತ್ರಾಟುದಾರನ ಹತ್ತಿರ, ಒಂದೇ ಡಬ್ಬಿಯ ರೊಟ್ಟಿ ತಿಂದು ಕೆಲಸ ಮಾಡಿದವರು. ಒಬ್ಬ ಬೈದರೆ ಇನ್ನೊಬ್ಬ ನಗುತ್ತಾನೆ. ಗಂಡ ಹೆಂಡಿರೂ ಅಷ್ಟು ಹೊಂದಿಕೊಂಡು ಇರುವುದನ್ನು ನಾನು ಕಂಡಿಲ್ಲ.

ಅಣವೀರಪ್ಪನ ಹೆಂಡತಿ ಇಂದ್ರಾಬಾಯಿಯಂತೂ ಹೊಂದಿಕೊಂಡು ಹೋಗುವ ಪೈಕಿಯೇ ಅಲ್ಲ. ಬೆಳಗಿನ ಜಾವ ಚಾಳಿನ ನಳಕ್ಕೆ ನೀರು ಬರುವ ಹೊತ್ತಿಗೆ ಅವಳ ಬಾಯಿ ಶುರುವಾಗುತ್ತಿತ್ತು. "ಏಳ್ತೀರೋ ಇಲ್ಲೋ? ನೀರ ಬಂದು ಹೋಗ್ತಾವ!" ಎಂದು ಗಂಡನನ್ನು ಎಬ್ಬಿಸುವ ಆ ಕೂಗಿಗೆ ಇಡೀ ಚಾಳು ಎದ್ದು ಕೊಡ ಹುಡುಕುತ್ತಿತ್ತು. ನಾನು ಅಲಾರಾಂ ಇಟ್ಟುಕೊಳ್ಳಲು ಶುರು ಮಾಡಿದ್ದು ಅವಳು ಸತ್ತ ಮೇಲೆ.

ಅವಳಿಗಿದ್ದ ಕೊರಗು ಒಂದೇ. ಮಂದಿಯ ಮನೆಗೆಲ್ಲ ನೆಲ ಹಾಕುವ ಗಂಡನ ಸ್ವಂತ ಖೋಲಿಯಲ್ಲಿ ಬಿರುಕು ಬಿಟ್ಟ ಸಿಮೆಂಟಿನ ಕೋಬಾ ನೆಲ. ಕೇಳಿದಾಗಲೆಲ್ಲ ಅವನು "ದೀಪಾವಳಿಗೆ ಮಾಡೋಣು" ಎನ್ನುತ್ತಿದ್ದ. ಯಾವ ದೀಪಾವಳಿ ಎಂದು ಹೇಳುತ್ತಿರಲಿಲ್ಲ. ಕೊನೆಗೆ ಒಂದು ಮಳೆಗಾಲ ಅವಳೇ ಹೊರಟಳು. ಕೆಳಗಡೆ ಒಡೆಯುತ್ತಿದ್ದ ಹಳೆಯ ಬಿಲ್ಡಿಂಗಿನ ರಾಶಿಯಿಂದ ಲಾದಿಯ ಚೂರುಗಳನ್ನು ಆಯ್ದು, ಬುಟ್ಟಿಯಲ್ಲಿ ಗುಡ್ಡ ಹತ್ತಿಸಿ ತಂದಳು. ತೊಳೆದಳು, ಬಣ್ಣ ಬಣ್ಣ ಬೇರೆ ಮಾಡಿ ಬಾಗಿಲ ಪಕ್ಕ ಒಟ್ಟಿದಳು. ಟೆರೇಸಿಗೆ ಚೂರು ಸೇರಿಸಿ ಹಚ್ಚುವ ಹಾಗೆ ಮನೆಗೂ ಹಚ್ಚಿ ಕೊಡಿ ಎಂಬುದು ಅವಳ ಬೇಡಿಕೆ.

ಅಣವೀರಪ್ಪ ಕೆಲಸದಿಂದ ಬಂದು ನೋಡಿದ. "ಮಿಸ್ತ್ರಿ ಮನ್ಯಾಗ ತಿಪ್ಪ್ಯಾಗಿನ ಲಾದಿ? ನಾಕು ಮಂದಿ ನೋಡಿ ನಗಬೇಕೇನು?" ಎಂದವನೇ ಅಷ್ಟನ್ನೂ ಎತ್ತಿ ಕೊಳಚೆ ನಾಲೆಗೆ ಸುರಿದ. ನಾನು ಹೊರಗೆ ಬಂದು, "ಎಂಥ ಮನುಷ್ಯರು ಮಾರಾಯ್ರೆ ನೀವು, ಅವಳು ನಾಲ್ಕು ದಿನ ಹೊತ್ತದ್ದು ಅದು" ಎಂದೆ. ಅವನು ಕೇಳಿಸಿಕೊಳ್ಳಲಿಲ್ಲ. ಮಿಸ್ತ್ರಿಗಳ ಹಮ್ಮು ಅಂಥದ್ದು.

ಇಂದ್ರಾಬಾಯಿ ಜಗಳ ಆಡಲಿಲ್ಲ. ಗಂಡನ ಜೊತೆ ಮಾತು ಬಿಟ್ಟಳು. ಅದು ಅವಳಿಗೆ ಹೊಸದು. ಅವನಿಗೂ ಹೊಸದು, ಹಾಗಾಗಿ ನಕ್ಕ. "ಎಷ್ಟ ದಿನ ಬಾಯಿ ಕಟ್ಟಿರ್ತಾಳ ನೋಡೋಣು ಬಿಡ್ರಿ ಅಕ್ಕೋರೆ" ಎಂದ. ಅಷ್ಟರಲ್ಲಿ ಅವಳಿಗೆ ಜ್ವರ ಬಂತು. ಡೆಂಗ್ಯೂ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಮಗಳು ಮಹಾದೇವಿಯ ಜೊತೆ ಮಾತಾಡಿದಳು, ಇಮಾಮಸಾಬನ ಹೆಂಡತಿ ಬಷೀರಾಳ ಜೊತೆ ಮಾತಾಡಿದಳು, ಕುಕ್ಕರಿನ ರಬ್ಬರು ಬದಲಿಸಿರಿ ಎಂದು ನನಗೂ ಹೇಳಿದಳು. ಗಂಡ ಬಂದರೆ ಗೋಡೆಯ ಕಡೆ ಹೊರಳುತ್ತಿದ್ದಳು. ಐಸಿಯುಗೆ ಒಯ್ದ ಮೇಲೆ ಯಾರ ಜೊತೆಯೂ ಮಾತಿರಲಿಲ್ಲ. ಅಲ್ಲಿಂದ ತಿರುಗಿ ಬಂದದ್ದು ಹೆಣ.

ತಿಂಗಳೊಳಗೆ ಅಣವೀರಪ್ಪ ಖೋಲಿಯ ನೆಲ ಅಗೆದು ಹೊಸ ಲಾದಿ ಹಾಕಿದ. ಬಿಳಿ, ಎಲ್ಲೋ ಒಂದು ಬೂದು ಗೆರೆ, ಜೋಡಣೆ ಎಲ್ಲಿದೆ ಎಂದು ಬೆರಳಿಗೂ ತಿಳಿಯುವುದಿಲ್ಲ. ಅಂಥ ನೆಲ ನಮ್ಮ ಗುಡ್ಡದಲ್ಲಿ ಇನ್ನೊಂದಿಲ್ಲ. ನನಗೆ ಅದನ್ನು ನೋಡಿ ಸಿಟ್ಟೇ ಬಂತು. ನಡೆಯುವವಳು ಇರುವಾಗ ಹಾಕಬಾರದಿತ್ತೇ?

ಇನ್ನು ಕನಸಿನ ವಿಷಯ. ಮಹಾನವಮಿ ಅಮಾವಾಸ್ಯೆಗೆ ಈ ಜನ ಹಿರಿಯರ ಪೂಜೆ ಮಾಡುತ್ತಾರೆ. ಸತ್ತವರ ಹೆಸರಿನಲ್ಲಿ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನು ಬೇಯಿಸಿ ಎಡೆ ಇಡುತ್ತಾರೆ. ಏನು ಇಡಬೇಕೆಂದು ಸತ್ತವರೇ ಮೊದಲು ಯಾರದಾದರೂ ಕನಸಿನಲ್ಲಿ ಬಂದು ಹೇಳಿ ಹೋಗುತ್ತಾರಂತೆ. ಮೊದಲ ವರ್ಷ ಇಂದ್ರಾಬಾಯಿ ಕುರ್ಲಾದಲ್ಲಿರುವ ಮಗಳ ಕನಸಿನಲ್ಲಿ ಬಂದು ಹಸಿರು ಸೀರೆ ಕೇಳಿದಳು. ಮರುವರ್ಷ ಬಷೀರಾ ನಳದ ಹತ್ತಿರ ಸಾರಿದಳು: "ಇಂದ್ರಾಬಾಯಿ ಮೇರೇ ಖ್ವಾಬ್ ಮೇ ಆಯಿ ಥೀ ರೀ ಟೀಚರ್. ಶೇಂಗಾ ಹೋಳಿಗಿ ಮಾಡು ಅಂದ್ಲು, ನೀನೇ ಮಾಡು ಅಂದ್ಲು." ಹಿಟ್ಟಿನ ಗಿರಣಿಯವಳ ಕನಸಿಗೂ ಹೋದಳು. ನನ್ನ ಕನಸಿಗೂ ಬಂದಳು, ಕುಕ್ಕರಿನ ರಬ್ಬರು ಬದಲಿಸಿದಿರಾ ಎಂದು ಕೇಳಿದಳು. ನಾನು ತಮಾಷೆ ಎಂದುಕೊಂಡು ಅದನ್ನು ಅಣವೀರಪ್ಪನಿಗೆ ಹೇಳಿದೆ. ಅವನ ಮುಖ ಇಳಿದುಹೋಯಿತು.

"ಎಲ್ಲಾರ ಮನೀಗೂ ಹೋಗ್ತಾಳ್ರಿ ಅಕ್ಕೋರೆ. ನನ್ನ ಕಡಿ ಒಮ್ಮಿನೂ ಬರಲ್ಲ" ಎಂದ.

ಸತ್ತು ಇಷ್ಟು ವರ್ಷವಾಯಿತು, ಗಂಡನ ಕನಸಿನಲ್ಲಿ ಒಂದು ಸಲವೂ ಕಾಣಿಸಿಲ್ಲ. ಚಾಳಿನ ಹೆಂಗಸರು ತೀರ್ಪು ಕೊಟ್ಟಾಗಿತ್ತು: ಮಾತು ಬಿಟ್ಟು ಸತ್ತವಳು, ಸಿಟ್ಟು ಇನ್ನೂ ಇಳಿದಿಲ್ಲ. ಅವನೂ ಅದನ್ನೇ ನಂಬಿದ. ಅವಳು ಒಂದು ಸಲ ಬಂದು ಏನಾದರೂ ಅನ್ನಬೇಕು, ಬೈದರೂ ಸರಿ. ಆ ಮನುಷ್ಯನಿಗೆ ಬದುಕಿನಲ್ಲಿ ಬೇಕಾಗಿದ್ದದ್ದು ಅಷ್ಟೇ. ಹಾಗೆಂದು ಅವನೇ ನನ್ನ ಕಟ್ಟೆಯ ಮೇಲೆ ಕೂತು ಎಷ್ಟೋ ಸಲ ಹೇಳಿದ್ದಾನೆ. ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಚೆಂದದ ಸೀರೆ ತಂದು ಇಟ್ಟ. ಊರಿಗೆ ಹೋಗಿ ಅವಳ ತವರಿನವರಿಗೆ ಉಣಬಡಿಸಿ ಬಂದ. ಇಂದ್ರಾಬಾಯಿ ಮಾತ್ರ ಬರಲಿಲ್ಲ.

ಬರಲಿಲ್ಲವೋ, ಇವನಿಗೆ ಕಾಣಲಿಲ್ಲವೋ, ಅದನ್ನು ಯಾರೂ ಕೇಳಲಿಲ್ಲ. ಅವನ ಗಾಂಜಾ ಚಿಲುಮೆಯ ವಿಷಯ ಎಲ್ಲರಿಗೂ ಗೊತ್ತಿತ್ತು, ಆದರೆ ಯಾರೂ ಅದನ್ನು ಇದಕ್ಕೆ ಜೋಡಿಸಿ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಹೆಂಡತಿ ಸತ್ತ ಹೊಸತರಲ್ಲಿ ಅಣವೀರಪ್ಪನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಅಮಾವಾಸ್ಯೆಗೊಮ್ಮೆ ಚಾಳಿನ ಗಂಡಸರು ಸೇರಿ ತತ್ವಪದ ಹಾಡುತ್ತಿದ್ದರು. ಇಮಾಮಸಾಬ ಡಗ್ಗಾ ಬಾರಿಸುತ್ತಿದ್ದ. ಹಾಡಿನ ನಡುವೆ ಗಾಂಜಾದ ಚಿಲುಮೆ ಕೈಯಿಂದ ಕೈಗೆ ತಿರುಗುತ್ತಿತ್ತು. ಅವರ ಊರುಗಳಲ್ಲಿ ಅದಕ್ಕೆ ಭಕ್ತಿಯ ಹೆಸರಿದೆ. ಪೊಲೀಸರಿಗೆ ಆ ಭಕ್ತಿ ಇಲ್ಲದ್ದರಿಂದ ಬಾಗಿಲು ಮುಚ್ಚಿಕೊಂಡು ಸೇದುತ್ತಿದ್ದರು. ವಾಸನೆಗೆ ಬಾಗಿಲು ಯಾವ ಲೆಕ್ಕ? ಗೆಳೆಯನ ಕೆಂಪು ಕಣ್ಣು ನೋಡಲಾರದೆ ಇಮಾಮಸಾಬನೇ ಒಂದು ದಿನ ಚಿಲುಮೆ ಮುಂದೆ ಮಾಡಿದ. ಅಣವೀರಪ್ಪ ಅವತ್ತು ಮಲಗಿದವನು ಬೆಳಕು ಹರಿದ ಮೇಲೆಯೇ ಎದ್ದ. ಆಮೇಲೆ ಅಮಾವಾಸ್ಯೆಗೆ ಕಾಯುವುದನ್ನು ಬಿಟ್ಟ. ದಿನಾ ಊಟವಾದ ಮೇಲೆ ಇಮಾಮಸಾಬನ ಜೊತೆ ಚಿಲುಮೆ, ಚಿಲುಮೆಯಾದ ಮೇಲೆ ಹಾಸಿಗೆ.

ವರ್ಷ ಕಳೆದಂತೆ ಒಂದು ದಮ್ಮಿನ ಜಾಗದಲ್ಲಿ ಮೂರು ನಾಲ್ಕು ಬೇಕಾದವು. ಮಲಗಿದ ಕೂಡಲೇ ನಿದ್ದೆ ಬರುತ್ತಿತ್ತು, ಆದರೆ ಎದ್ದವನ ಮುಖದಲ್ಲಿ ಮಲಗಿದ್ದವನ ಕಳೆ ಇರುತ್ತಿರಲಿಲ್ಲ. ಹಲ್ಲುಜ್ಜುತ್ತ ನಿಂತಲ್ಲೇ ತೂಗುತ್ತಿದ್ದ. ನೀರು ಬಂದು ಹೋದ ಮೇಲೆ ಕೊಡ ಹಿಡಿದು ಬರುತ್ತಿದ್ದ. ಬಷೀರಾ ಗೊಣಗಿಕೊಂಡೇ ತನ್ನ ಪಾಲಿನಿಂದ ಎರಡು ಬಕೀಟು ಕೊಡುತ್ತಿದ್ದಳು.

ಇನ್ನೊಂದು ಮಾತು ಹೇಳಬೇಕು, ಇದು ಈ ಜನ ಮಾತ್ರ ಮಾಡುವ ಹುಚ್ಚು. ಮಹಾನವಮಿ ಹತ್ತಿರ ಬಂದಾಗ ಅಣವೀರಪ್ಪ ಇಂದ್ರಾಬಾಯಿಯ ಹಳೆಯ ಸೀರೆ ಮಡಚಿ ತಲೆದಿಂಬು ಮಾಡಿಕೊಳ್ಳುತ್ತಿದ್ದ, ಮಾಂಸ ಬಿಡುತ್ತಿದ್ದ, ಮತ್ತು ಅವಳು ಬರುವಾಗ ನಡುವೆ ಎಚ್ಚರವಾಗಿಬಿಟ್ಟೀತೆಂದು ಚಿಲುಮೆ ಒಂದು ಪಾಲು ಹೆಚ್ಚಿಗೆ ಸೇದುತ್ತಿದ್ದ. ನಿದ್ದೆ ಎಷ್ಟು ಗಟ್ಟಿಯೋ ಕನಸು ಅಷ್ಟು ಖಚಿತ ಎಂಬುದು ಅವನ ಲೆಕ್ಕ. ಮರುದಿನ ಎದ್ದು ಖಾಲಿ ಕಣ್ಣು ಬಿಡುತ್ತಿದ್ದ. ಪಾಪ ಅನ್ನಿಸುತ್ತಿತ್ತು ನನಗೆ, ಕೆನ್ನೆಗೆ ಎರಡು ಕೊಡೋಣ ಎಂದೂ ಅನ್ನಿಸುತ್ತಿತ್ತು.

ಈ ವರ್ಷ ಬೇಸಿಗೆಯಲ್ಲಿ ಅವನ ಕೆಮ್ಮು ಜೋರಾಯಿತು. ಲಾದಿ ಕೊಯ್ಯುವ ಧೂಳು ಮೊದಲೇ ಇತ್ತು, ಮೇಲಿಂದ ಈ ಹೊಗೆ. ಬಿಪಿ ಮಾತ್ರೆಗೆಂದು ನಾನು ಹೋಗುವ ದವಾಖಾನೆಗೇ ಅವನನ್ನೂ ಎಳೆದುಕೊಂಡು ಹೋದೆ. ಅಲ್ಲಿ ಅಮೋಲ್ ಎಂಬ ಸಣ್ಣ ವಯಸ್ಸಿನ ಡಾಕ್ಟರು ಇದ್ದಾರೆ, ಮರಾಠಿಯವರು, ತಾಳ್ಮೆಯ ಮನುಷ್ಯ. ಎದೆಗೆ ಕೊಳವೆ ಇಟ್ಟು ಕೇಳಿ, "ಬೀಡಿ ಪೀತೇ ಹೋ?" ಎಂದು ವಿಚಾರಿಸಿದರು.

"ನಹೀ ಸಾಬ್, ಬೀಡಿ ಕಭೀ ನಹೀ" ಎಂದ ಅಣವೀರಪ್ಪ, ದೇವರ ಮುಂದೆ ನಿಂತವನ ಹಾಗೆ.

"ಗಾಂಜಾ ಸೇದುತ್ತಾರೆ ಡಾಕ್ಟರೇ, ದಿನಾ" ಎಂದು ನಾನೇ ಹೇಳಿದೆ. ಅವನು ನನ್ನನ್ನು ನುಂಗುವ ಹಾಗೆ ನೋಡಿದ.

ಡಾಕ್ಟರು ಬೈಯಲಿಲ್ಲ. ಯಾಕೆ ಸೇದುವುದು ಎಂದು ಕೇಳಿದರು. ನಿದ್ದೆಗೆ ಎಂದ. ಆಗ ಅವರು ಹಿಂದಿಯಲ್ಲಿ ನಿಧಾನಕ್ಕೆ ವಿವರಿಸಿದರು. ಗಾಂಜಾ ಬೇಗ ಮಲಗಿಸುತ್ತದೆ, ನಿಜ. ಆದರೆ ದಿನಾ ಸೇದುತ್ತ ಹೋದರೆ ಅದರ ಮಲಗಿಸುವ ಬಲ ಕುಗ್ಗುತ್ತದೆ, ನಿದ್ದೆಯೊಳಗೆ ಕನಸು ಬೀಳುವ ಪಾಲೂ ಕಮ್ಮಿಯಾಗುತ್ತದೆ. ಸೇದುವವರಲ್ಲಿ ಎಷ್ಟೋ ಜನ ತಮಗೆ ಕನಸೇ ಬೀಳುವುದಿಲ್ಲ ಎನ್ನುತ್ತಾರೆ. ಬಿಟ್ಟಾಗ ಕೆಲವು ವಾರ ನಿದ್ದೆ ಕೆಡಬಹುದು, ಮೈ ಬೆವರಬಹುದು, ಆಮೇಲೆ ತಡೆಹಿಡಿದ ಕನಸೆಲ್ಲ ಒಟ್ಟಿಗೆ ನುಗ್ಗಬಹುದು. ಎಲ್ಲರಿಗೂ ಒಂದೇ ಥರ ಅಲ್ಲ, ಆದರೆ ಹೆದರಿ ಮತ್ತೆ ಶುರು ಮಾಡಬೇಡಿ, ತೀರಾ ಕಷ್ಟವಾದರೆ ನನ್ನ ಹತ್ತಿರ ಬನ್ನಿ ಎಂದರು.

ಶೇರ್ ರಿಕ್ಷಾದಲ್ಲಿ ಗುಡ್ಡ ಹತ್ತಿದೆವು. ಇಳಿದ ಮೇಲೆ ನನ್ನ ಚೀಲ ಹಿಡಿದುಕೊಂಡು ನಿಂತ.

"ಡಾಕ್ಟರ್ ಕನಸಿಂದು ಏನಂದ್ರು, ಇನ್ನೊಮ್ಮಿ ಕನ್ನಡದಾಗ ಹೇಳ್ರಿ ಅಕ್ಕೋರೆ."

ಹೇಳಿದೆ.

"ಅಂದ್ರ ಅಕಿ ಬಂದಿರಬೌದು. ದಿನಾ ಬಂದಿರಬೌದು. ಬಾಗಲಾ ಹಾಕ್ಕೊಂಡು ಬಿದ್ದಾಂವ ನಾನಾ?"

ಡಾಕ್ಟರು ಹೇಳಿದ್ದು ಅದಲ್ಲ, ಕನಸೆಂದರೆ ತಲೆಯೊಳಗಿನದು, ಹೊರಗಿಂದ ಯಾರೂ ಬರುವುದಿಲ್ಲ ಎನ್ನಬೇಕಿತ್ತು ನಾನು. ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ಹೇಳಿದವಳು. ಅವನ ಮುಖ ನೋಡಿ, "ಇರಬಹುದು" ಎಂದೆ. ಅವತ್ತೇ ಅವನು ಚಿಲುಮೆಯನ್ನೂ ಪೊಟ್ಟಣವನ್ನೂ ಒಯ್ದು ನಾಲೆಗೆ ಎಸೆದು ಬಂದ. ಎದೆಯ ಸಲುವಾಗಿ ಅಲ್ಲ, ಅದು ನನಗೂ ಗೊತ್ತು, ಅವನಿಗೂ ಗೊತ್ತು.

ಅಬ್ಬಾ, ಆಮೇಲಿನ ದಿನಗಳು! ನಿದ್ದೆ ಇಲ್ಲದ ಅಣವೀರಪ್ಪನನ್ನು ಯಾವ ಶತ್ರುವಿಗೂ ಕೊಡಬಾರದು. ಬನಿಯನ್ನು ಹಿಂಡುವಷ್ಟು ಬೆವರು. ಊಟ ಸೇರದು. ಸೈಟಿನಲ್ಲಿ ಲಾದಿ ಒಡೆದ, ಇಮಾಮಸಾಬನ ಮೇಲೆ ಕೂಗಾಡಿದ, ಕುರ್ಲಾದಿಂದ ಡಬ್ಬಿ ತಂದ ಮಗಳನ್ನು ಅಳಿಸಿ ಕಳಿಸಿದ. ಇಮಾಮಸಾಬ ಎಲ್ಲಕ್ಕೂ ನಕ್ಕ. ನಿದ್ದೆ ಬರಿಸಲು ಹೋಗಿ ಚಿಲುಮೆ ಹಿಡಿಸಿದವನು ತಾನೇ ಎಂದು ಅವನಿಗೆ ಒಳಗೊಳಗೇ ಕೊರೆಯುತ್ತಿತ್ತು ಎಂದು ಬಷೀರಾ ನನಗೆ ಹೇಳಿದಳು.

ಕೆಲವು ವಾರಗಳಲ್ಲಿ ನಿದ್ದೆ ಚೂರು ಚೂರಾಗಿ ತಿರುಗಿ ಬಂತು, ಅದರ ಜೊತೆ ಕನಸು. ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ಬೆಳಿಗ್ಗೆ ಎದ್ದರೆ ನನ್ನ ಕಟ್ಟೆಯ ಮೇಲೆ ಅವನ ವರದಿ. ಸತ್ತ ಅಪ್ಪ ಎಮ್ಮೆ ಹೊಡೆದುಕೊಂಡು ಲೋಕಲ್ ಹತ್ತಿದ. ಕಂತ್ರಾಟುದಾರ ಸೀರೆ ಉಟ್ಟು ಕುಣಿದ. ಲಾದಿ ಕೂಡಿಸಿದಷ್ಟೂ ನೆಲ ಉದ್ದವಾಗುತ್ತ ಹೋಯಿತು. ನಾನೂ ಬಂದಿದ್ದೆನಂತೆ, ಬೆತ್ತ ಹಿಡಿದು ಮಗ್ಗಿ ಕೇಳಿದೆನಂತೆ. "ನಾನು ವಿಜ್ಞಾನದವಳು, ಮಗ್ಗಿ ಯಾಕೆ ಕೇಳಲಿ?" ಎಂದರೆ ಅವನು ನಗಲಿಲ್ಲ.

"ಎಲ್ಲಾರೂ ಬರ್ತಾರ್ರಿ. ಅಕಿ ಒಬ್ಬಾಕಿ ಬಿಟ್ಟು."

ಮಳೆಗಾಲ ಮುಗಿಯುತ್ತ ಬಂತು, ಆಗಲೂ ಅದೇ ಮಾತು. ಅವನ ಮುಖ ಮೊದಲಿಗಿಂತ ಕೆಟ್ಟಿತು, ಮತ್ತು ಯಾಕೆಂದು ಅವನೇ ಹೇಳಿದ. "ಮೊದಲ ಬಾಗಲಾ ಹಾಕಿತ್ತು ಅಂತ ಸಮಾಧಾನ ಮಾಡ್ಕೋಬೌದಿತ್ತು. ಈಗ ತೆರದಿಟ್ಟೀನಿ. ಆದ್ರೂ ಬರಲ್ಲ ಅಂದ್ರ ಸಿಟ್ಟು ಖರೇನೇ ಅದ. ಇದನ್ನ ತಿಳ್ಕೊಂಡು ಬದುಕೋದಕ್ಕಿಂತ ಕಲ್ಲ ಬಿದ್ದಂಗ ಬಿದ್ದಿರೋದು ಛಲೋ ಇತ್ತು."

ಅವತ್ತು ಸಂಜೆ ಅವನು ಇಮಾಮಸಾಬನ ಬಾಗಿಲಿಗೆ ಹೋಗಿ ಚಿಲುಮೆ ಕೇಳಿದ. ನಾನು ಬಟ್ಟೆ ತೆಗೆಯುತ್ತಿದ್ದೆ, ಎಲ್ಲ ಕೇಳಿಸಿತು. ಸದಾ ನಗುವ ಇಮಾಮಸಾಬ ಅವತ್ತು ನಗಲಿಲ್ಲ.

"ಇಲ್ಲ ಹೋಗೋ. ನಂದೂ ಒಡೆದು ಹಾಕೀನಿ."

"ಯಾವಾಗ?"

"ನೀ ಬಿಟ್ಟ ದಿನಾನೇ. ಭಾಭಿ ನಿನ್ನ ಕೂಡ ಮಾತಾಡೂತನಕ ನಾನೂ ಮುಟ್ಟಲ್ಲ ಅಂತ ಹೇಳೀನಿ. ಕಿಸ್ಕು ಬೋಲಾ ಪೂಛ್ ಮತ್, ಯಾರಿಗಂತ ಕೇಳಬ್ಯಾಡ, ಹೇಳೀನಿ."

ಅಣವೀರಪ್ಪ ತಿರುಗಿ ಬಂದ. ಇಷ್ಟು ದಿನ ಬೈಸಿಕೊಂಡವನು ತಾನೂ ನಿದ್ದೆಗೆಟ್ಟೇ ನಗುತ್ತಿದ್ದ ಎಂದು ಅವನಿಗೆ ಅವತ್ತೇ ಗೊತ್ತಾದದ್ದು. ನನಗೂ.

ಮಹಾನವಮಿ ಅಮಾವಾಸ್ಯೆ ಹತ್ತಿರ ಬಂತು. ಮಹಾದೇವಿ ಎರಡು ದಿನ ಮೊದಲೇ ಬಂದು, "ಅಪ್ಪಾ, ಈ ಸಲ ಯಾರ ಕನಸಿನ್ಯಾಗೂ ಅವ್ವ ಬಂದಿಲ್ಲ. ಯಾವ ಸೀರಿ ತರ್ಲಿ?" ಎಂದು ಕೇಳಿದಳು. ಅವನು, "ತರಬ್ಯಾಡ. ಬ್ಯಾಡಾದವರ ಕೈಲಿಂದ ಎಷ್ಟಂತ ಉಡ್ತಾಳ?" ಎಂದ. ಹುಡುಗಿ ನನ್ನ ಮನೆಗೆ ಬಂದು ಅತ್ತಳು. ನಾನು ಚಹಾ ಮಾಡಿ ಕೊಟ್ಟೆ. ಬೇರೆ ಏನು ಕೊಡಲಿ?

ಮರುದಿನ ಬೆಳಗಿನ ಜಾವ ಅಲಾರಾಂ ಹೊಡೆಯಿತು. ಕೊಡ ತೆಗೆದುಕೊಂಡು ನಳದ ಹತ್ತಿರ ಹೋದರೆ ಅಲ್ಲಿ ಮೊದಲೇ ಯಾರೋ ಕೂತಿದ್ದರು. ನೋಡಿದರೆ ಅಣವೀರಪ್ಪ! ಮನೆಯಲ್ಲಿದ್ದ ಕೊಡ, ಬಕೀಟು, ಹಂಡೆ ಎಲ್ಲ ತಂದು ಸಾಲಾಗಿ ಇಟ್ಟುಕೊಂಡಿದ್ದಾನೆ. ನಳ ಒಣಗಿತ್ತು, ಗಾಳಿಯ ಸುಯ್ ಸದ್ದು ಮಾತ್ರ ಬರುತ್ತಿತ್ತು. ಇಷ್ಟು ವರ್ಷದಲ್ಲಿ ಈ ಮನುಷ್ಯ ನೀರಿಗಿಂತ ಮುಂಚೆ ನಳಕ್ಕೆ ಬಂದದ್ದನ್ನು ನಾನು ಕಂಡಿರಲಿಲ್ಲ.

"ಏನು ಮಾರಾಯ್ರೆ ಇಷ್ಟು ಬೇಗ? ನೀರು ಬರಲಿಕ್ಕೆ ಇನ್ನೂ ಹೊತ್ತುಂಟು."

"ಬಂದಾವ ಅಂದ್ಲು."

"ಯಾರು?" ಎಂದು ಕೇಳಿದ ಮೇಲೆ ನನಗೇ ಹೊಳೆಯಿತು. ಕೊಡ ಕೆಳಗಿಟ್ಟೆ.

"ಏಳ್ತೀರೋ ಇಲ್ಲೋ, ನೀರ ಬಂದು ಹೋಗ್ತಾವ ಅಂತ ಹೊದಿಕಿ ಎಳದ್ಲು ನೋಡ್ರಿ. ಗಡಬಡಿಸಿ ಎದ್ದು ಕೊಡ ಹಿಡ್ಕೊಂಡು ಇಲ್ಲಿಗೆ ಓಡಿ ಬಂದೆ. ಬಂದ್ಮ್ಯಾಲ ಎಚ್ಚರಾತು."

"ಸಿಟ್ಟಿನಲ್ಲಿ ಇದ್ದಳಾ?"

"ಹೂಂ ರೀ. ಭಾಳ ಸಿಟ್ಟಿನ್ಯಾಗ ಇದ್ಲು." ಅವನು ಸಾಲಿನ ಒಂದು ಕೊಡ ಸರಿಮಾಡಿಟ್ಟ. "ದಿನಾ ಎಷ್ಟ ಇರ್ತಿತ್ತೋ ಅಷ್ಟ."

"ಹೊಸ ನೆಲ ನೋಡಿದಳಾ?"

"ಎಲ್ಲೀ ಹೊಸ ನೆಲ? ಹಳೇ ಕೋಬಾನೇ ಇತ್ತು. ಬಾಗಲಾ ಬಾಜೂಕ ಅಕಿ ಲಾದಿ ಚೂರು ಒಟ್ಟಿದ್ದು ಹಂಗೇ ಇತ್ತು, ಬಣ್ಣ ಬಣ್ಣ ಬ್ಯಾರೆ ಮಾಡಿ." ಅಷ್ಟು ಹೇಳಿ ಅವನು ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಎದುರಿನ ಖೋಲಿಯ ಬಾಗಿಲು ತೆರೆದು ಇಮಾಮಸಾಬ ಹೊರಗೆ ಬಂದ. ನೋಡಿದ, ಹೊಸ್ತಿಲ ಮೇಲೆ ಕೂತುಕೊಂಡ.

ಸ್ವಲ್ಪ ಹೊತ್ತಿಗೆ ನಳ ಗೊರಗೊರ ಎಂದು ಕೆಮ್ಮಿ ಕೆಂಪು ನೀರು ಉಗುಳಿತು, ಆಮೇಲೆ ತಿಳಿಯಾಯಿತು. ಹಿಂದೆ ಹೆಂಗಸರ ಸಾಲು ಬೆಳೆದಿತ್ತು. ಅಣವೀರಪ್ಪ ಕಣ್ಣೊರೆಸಿಕೊಂಡು, ಅಭ್ಯಾಸ ಬಲದಿಂದ ಪಕ್ಕಕ್ಕೆ ಸರಿದು, "ನೀವು ತುಂಬ್ರಿ ಅಕ್ಕೋರೆ, ನಾನು ಆಮ್ಯಾಲ" ಎಂದ.

"ಬೇಡ. ನಿಮ್ಮನ್ನು ಎಬ್ಬಿಸಿ ಕಳಿಸಿದ್ದು ಇಂದ್ರಾಬಾಯಿ. ತಡ ಮಾಡಿದರೆ ನನಗೆ ಬೈಯುತ್ತಾಳೆ" ಎಂದೆ ನಾನು.

ಅವನು ನಳದ ಕೆಳಗೆ ಕೊಡ ಇಟ್ಟ.